ಉಳದ ನೆಲ, ಆಡಿದ ಮಾತು

ಮೂರು ವರ್ಷಗಳ ಹಿಂದೆ ನಾನು ಆಡಿದ ಮುಕ್ಕಾಲು ಗಂಟೆಯ ಮಾತೊಂದು ಇಂದಿಗೂ ನನ್ನ ಆತ್ಮಸಾಕ್ಷಿಯನ್ನು ಬಿಟ್ಟು ಹೋಗಿಲ್ಲ. ಅದು ಪ್ರಬೋಧನೆಯಲ್ಲ, ಧ್ಯಾನಕೂಟದ ಉಪನ್ಯಾಸವೂ ಅಲ್ಲ. ನೆಲವನ್ನು ಉಳದೆ, ಅಗೆಯದೆ ತರಕಾರಿ ಬೆಳೆಯುವುದು ಹೇಗೆ ಎಂದು ಊರಿನವರ ಮುಂದೆ ಆಡಿದ ಮಾತು. ಇಷ್ಟು ಸಾಧುವಾದ ವಿಷಯದಲ್ಲಿ ಆತ್ಮಸಾಕ್ಷಿಗೇನು ಕೆಲಸ ಎಂದು ಓದುಗರು ಕೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ.

ಆಗ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರ ತುಮಕೂರು ಜಿಲ್ಲೆಯ ಕೆಂಪುನೆಲದ ಸೀಮೆಯಲ್ಲಿತ್ತು. ಮಳೆಯನ್ನೇ ನಂಬಿದ ರಾಗಿ, ಹುರುಳಿ, ಅವರೆ, ಮನೆಗೊಂದೆರಡು ಹಸು, ಡೇರಿಗೆ ಹಾಕಿದ ಹಾಲಿನ ದುಡ್ಡಿನಲ್ಲಿ ವಾರದ ಸಂತೆ. ಗುರುನಿವಾಸದ ಹಿಂದಿನ ಮೂರು ಪಾತಿಗಳಲ್ಲಿ ನಾನು ಎರಡು ವರ್ಷ ಗುದ್ದಲಿ ಮುಟ್ಟಿಸದೆ ಬದನೆ, ಟೊಮೆಟೊ, ದಂಟಿನ ಸೊಪ್ಪು ಬೆಳೆದಿದ್ದೆ. ಗುರುಮಠದ ದಿನಗಳಲ್ಲಿ ಓದಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಸಹಜ ಕೃಷಿ'ಯ ಮೂಲಕ ಜಪಾನಿನ ಮಸನೊಬು ಫುಕುವೊಕಾ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಕುಳಿತಿದ್ದರು. ಐವತ್ತು ದಾಟಿದ ಮೇಲೆ ಒಂದಿಷ್ಟು ಬಿಡುವು ಮತ್ತು ಒಂದಿಷ್ಟು ನೆಲ ಒಟ್ಟಿಗೆ ಸಿಕ್ಕವು. ಪಾತಿಗಳು ಚೆನ್ನಾಗಿಯೇ ಬಂದವು. ಬಂದವರಿಗೆಲ್ಲ ತೋರಿಸುತ್ತಿದ್ದೆ; ತೋರಿಸುವುದರಲ್ಲಿ ನನಗೆ ಸಂತೋಷವಿತ್ತು ಎಂಬುದನ್ನು ಮುಚ್ಚಿಡಲಾರೆ. ಹೀಗಿರುವಾಗ ಊರಿನ ಮಹಿಳಾ ಸ್ವಸಹಾಯ ಸಂಘದವರು ಬಂದು, "ಸ್ವಾಮಿ, ನಿಮ್ಮ ತೋಟದ ಇಚಾರ ನಮಗೂ ಒಸಿ ಹೇಳಿ" ಎಂದರು. 2023ರ ಮೇ ತಿಂಗಳ ಒಂದು ಭಾನುವಾರ ಬಲಿಪೂಜೆಯ ನಂತರ ಸಭಾಭವನದಲ್ಲಿ ಸೇರುವುದೆಂದು ಗೊತ್ತಾಯಿತು. ಸುಮಾರು ನಲವತ್ತು ಹೆಂಗಸರು ಬಂದಿದ್ದರು. ಸಂಘದ ಸದಸ್ಯರಾದ ಇತರ ಧರ್ಮದ ತಾಯಂದಿರೂ ಇದ್ದರು. ನಾಲ್ಕಾರು ಗಂಡಸರು ಒಳಗೆ ಬಾರದೆ ಬಾಗಿಲಿಗೆ ಒರಗಿ ನಿಂತಿದ್ದರು.

ನಾನು ಹೇಳಿದ್ದರಲ್ಲಿ ಬಹುಪಾಲು ನಿಜವೇ. ನೆಲವೆಂಬುದು ಬರೀ ಮಣ್ಣಿನ ರಾಶಿಯಲ್ಲ, ಅದಕ್ಕೊಂದು ಮನೆಯಂತಹ ಕಟ್ಟಡವಿದೆ ಎಂದು ಆರಂಭಿಸಿದೆ. ಸತ್ತ ಬೇರುಗಳು ಬಿಟ್ಟುಹೋದ ಸಂದುಗಳು, ಎರೆಹುಳು ಕೊರೆದ ದಾರಿಗಳು, ಮಣ್ಣಿನ ಕಣಗಳನ್ನು ಹಿಡಿದು ಕಟ್ಟುವ ಶಿಲೀಂಧ್ರದ ಎಳೆಗಳು, ಇವುಗಳ ಮೂಲಕವೇ ನೀರು ಕೆಳಗಿಳಿಯುತ್ತದೆ, ಗಾಳಿ ಒಳಗಾಡುತ್ತದೆ. ನೆಲವನ್ನು ಮಗುಚಿದಾಗ ಈ ಕಟ್ಟಡ ಮುರಿಯುತ್ತದೆ. ಒಳಗಿದ್ದ ಸಾವಯವ ಅಂಶ ಗಾಳಿಗೆ ತೆರೆದುಕೊಂಡು ಸೂಕ್ಷ್ಮಜೀವಿಗಳಿಗೆ ಬೇಗ ಆಹಾರವಾಗಿ ಕರಗಿಹೋಗುತ್ತದೆ. ಉತ್ತ ವರ್ಷ ಬೆಳೆ ಹುಲುಸಾಗಿ ಕಾಣುವುದು ಅದರಿಂದಲೇ. ಅದು ಬಡ್ಡಿಯ ಸಂಪಾದನೆಯಲ್ಲ, ಅಸಲನ್ನೇ ಕರಗಿಸಿದ ಖರ್ಚು. ಬರಿಮೈಯ ನೆಲಕ್ಕೆ ಮಳೆಹನಿ ಬಡಿದಾಗ ಸಣ್ಣ ಕಣಗಳು ಎದ್ದು ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗದೆ ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಹರಿಯುತ್ತದೆ. 1881ರಲ್ಲಿ ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ಬರೆದು, ಇಂಗ್ಲೆಂಡಿನ ಅನೇಕ ಕಡೆ ಎಕರೆಯೊಂದರಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣನ್ನು ಅವು ಮೇಲಕ್ಕೆ ತರುತ್ತವೆಂದು ಲೆಕ್ಕ ಹಾಕಿದರು. 1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಉತ್ತು ಬರಿದಾದ ನೆಲ ಬರಗಾಲದ ಗಾಳಿಗೆ ಧೂಳಾಗಿ ಹಾರಿತು. 1943ರಲ್ಲಿ ಎಡ್ವರ್ಡ್ ಫಾಕ್ನರ್ ನೇಗಿಲನ್ನೇ ಆರೋಪಿಯಾಗಿಸಿ ಪುಸ್ತಕ ಬರೆದರು. ಇದೆಲ್ಲವನ್ನೂ ಹೇಳಿದೆ. ಹೆಂಗಸರು ತಲೆದೂಗಿದರು.

ಕೊನೆಯಲ್ಲಿ ಒಂದು ಮುತ್ತನ್ನೂ ಪೋಣಿಸಿದೆ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ ಸಂದರ್ಭದ ಹಿಬ್ರು ಕ್ರಿಯಾಪದ 'ಅಬಾದ್'. ಅದಕ್ಕೆ ಸೇವೆ ಮಾಡು ಎಂಬ ಅರ್ಥವೂ ಇದೆ. ಆದ್ದರಿಂದ ನಾವು ನೆಲವನ್ನು ಸೀಳಬೇಕಾದವರಲ್ಲ, ಅದಕ್ಕೆ ಸೇವೆ ಸಲ್ಲಿಸಬೇಕಾದವರು ಎಂದೆ. ಗುರುಮಠದಲ್ಲಿ ಕಲಿತ ಹಿಬ್ರುವಿನ ಚೂರೊಂದು ಮೂವತ್ತು ವರ್ಷಗಳ ಮೇಲೆ ಉಪಯೋಗಕ್ಕೆ ಬಂದಿತೆಂದು ನನಗೆ ಹೆಮ್ಮೆ. ಆದರೆ ಎರಡೇ ಅಧ್ಯಾಯ ಮುಂದೆ ಕಾಯಿನನು ಭೂಮಿಯನ್ನು ವ್ಯವಸಾಯ ಮಾಡುವವನಾಗಿದ್ದನು ಎನ್ನುವಲ್ಲಿಯೂ ಅದೇ ಪದವಿದೆ. ನೇಗಿಲಿಗೆ ವಿರುದ್ಧವಾಗಿ ಆ ಪದ ಸಾಕ್ಷಿ ಹೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಿಗೆ ಬೇಡವಾಗಿತ್ತು.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತರು. "ಹುಲ್ಲನ್ನೆಲ್ಲಾ ನೆಲಕ್ಕೆ ಹಾಸ್ಬುಟ್ರೆ ಹಸುಗೇನ್ ಹಾಕೋದು ಸ್ವಾಮಿ?" ಇಡೀ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ನಾನು ಏನು ಹೇಳಿದೆನೆಂದು ಚೆನ್ನಾಗಿ ನೆನಪಿದೆ. "ಹಸು ನಾಲ್ಕು ಕಾಲಿನದು, ನೆಲ ಕಾಲಿಲ್ಲದ ಹಸು. ಮೊದಲು ಅದಕ್ಕೆ ಮೇವು ಹಾಕಿ, ಅದು ಎಲ್ಲರಿಗೂ ಹಾಕುತ್ತದೆ" ಎಂದೆ. ಎಲ್ಲರೂ ನಕ್ಕರು. ಕೇಳಿದಾಕೆಯೂ ನಕ್ಕು ಕುಳಿತರು. ನಗೆಯೊಂದರಿಂದ ಪ್ರಶ್ನೆಯನ್ನು ಕೂರಿಸುವ ಕಲೆ ನಮ್ಮಂಥ ಮಾತುಗಾರರಿಗೆ ಚೆನ್ನಾಗಿ ತಿಳಿದಿದೆ.

ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷ ಪಾಸ್ಖ ಹಬ್ಬದ ನಂತರ ಮನೆಗಳ ಆಶೀರ್ವಾದಕ್ಕೆಂದು ಹೋಗುತ್ತಿದ್ದಾಗ ಒಬ್ಬ ವಿಧವೆ ತಾಯಿಯ ಮನೆಗೆ ಹೋದೆ. ಅರವತ್ತರ ಆಸುಪಾಸಿನವರು, ಬೆಳಗಿನ ಪೂಜೆಗೆ ತಪ್ಪದವರು. ಕೊಟ್ಟಿಗೆಗೆ ತೀರ್ಥ ಚಿಮುಕಿಸಲು ಹೋದರೆ ಅಲ್ಲಿ ಒಂದೇ ಹಸು ಇತ್ತು. ಹಿಂದಿನ ವರ್ಷ ಪಕ್ಕದಲ್ಲೊಂದು ಕಡಸು ಇತ್ತಲ್ಲ ಎಂದು ಕೇಳಿದೆ. "ಮೇವಿರಲಿಲ್ಲ, ಕೊಟ್ಬುಟ್ಟೆ" ಎಂದರು. ಅಷ್ಟೇ. ಮಿಕ್ಕ ಕಥೆಯನ್ನು ಹೇಳಿದ್ದು ಹೊರಗೆ ಜಗಲಿಯಲ್ಲಿ ಕುಳಿತಿದ್ದ ಅವರ ಮೈದುನ, ಅದೂ ತಮಾಷೆಯ ದನಿಯಲ್ಲಿ. ನನ್ನ ಮಾತು ಕೇಳಿಬಂದ ಅತ್ತಿಗೆ ಮನೆಯ ಹಿಂದಿನ ಐದು ಗುಂಟೆಗೆ ಆ ವರ್ಷ ನೇಗಿಲು ಕಟ್ಟಿಸಲಿಲ್ಲವಂತೆ. ಹೂಡುವವನಿಗೆ ಕೊಡುವ ಕೂಲಿ ಉಳಿಯಿತೆಂದು ಸಂತೋಷಪಟ್ಟರಂತೆ. ಮೆದೆಯಿಂದ ಅರ್ಧದಷ್ಟು ರಾಗಿಹುಲ್ಲನ್ನು ಹಿರಿದು ನೆಲಕ್ಕೆ ಹಾಸಿದರಂತೆ. ಐದು ಗುಂಟೆಗೆ ಅದು ಸಾಲದೆ ತೆಳುವಾಯಿತು. ಒಣಹುಲ್ಲಿಗೆ ಗೆದ್ದಲು ಹತ್ತಿತು. ತೆಳುವಾದ ಕಡೆಯೆಲ್ಲ ಗರಿಕೆಯೂ ಜೇಕೂ ಎದ್ದವು. ಹುಲ್ಲು ಇಲ್ಲದ ಕಡೆ ನೆಲ ಹೆಂಚಿನಂತೆ ಬಿಗಿದುಕೊಂಡು ಬಿತ್ತಿದ ಅಲಸಂದೆ ಮೇಲೇಳಲೇ ಇಲ್ಲ. ಆ ಐದು ಗುಂಟೆಯ ಕಾಯಿಪಲ್ಯ ಅವರ ಸಂತೆಯ ದುಡ್ಡು. ಆ ಹುಲ್ಲು ಬೇಸಿಗೆಯ ಮೇವು. ಬರಗಾಲದಲ್ಲಿ ಹುಲ್ಲಿನ ಬೆಲೆ ಏರಿದಾಗ ಕೊಳ್ಳುವ ಶಕ್ತಿ ಇರಲಿಲ್ಲ.

ನಾನು ಒಳಗೆ ಹೋಗಿ, "ಅಮ್ಮಾ, ಯಾಕೆ ಹೇಳಲಿಲ್ಲ?" ಎಂದೆ. "ನೀವೇನ್ ಮಾಡೀರಿ ಸ್ವಾಮಿ, ಮಳೇನೇ ಬರಲಿಲ್ಲ. ನೀವು ಹೇಳಿದ್ರಲ್ಲಾ ಅಂತ ಮಾಡ್ದೆ" ಎಂದರು. ಅದರಲ್ಲಿ ದೂರಿನ ಸುಳಿವೂ ಇರಲಿಲ್ಲ. ದೂರಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಲ್ಲಿಂದ ಮುಂದೆ ಪ್ರಶ್ನೆ ನನ್ನದು. ನಾನು ಆ ತಾಯಿಗೆ ಅನ್ಯಾಯ ಮಾಡಿದೆನೇ? ಮಳೆ ಬರಲಿಲ್ಲವೆಂಬ ಸಮಜಾಯಿಷಿಯನ್ನು ಅವರೇ ನನ್ನ ಕೈಗಿತ್ತಿದ್ದರು. ಉತ್ತ ಹೊಲಗಳೂ ಆ ವರ್ಷ ಒಣಗಿದ್ದವು ನಿಜ. ನಾನು ಸುಳ್ಳು ಹೇಳಿರಲಿಲ್ಲ, ನಂಬಿದ್ದನ್ನೇ ಹೇಳಿದ್ದೆ. ಸಂತ ಅಗಸ್ಟೀನರು ಸುಳ್ಳಿನ ವಿಷಯವಾಗಿಯೇ ಬರೆದ ಗ್ರಂಥದಲ್ಲಿ ಈ ಭೇದವನ್ನು ಮಾಡಿದ್ದಾರೆ: ತಪ್ಪನ್ನು ಸರಿಯೆಂದು ನಂಬಿ ಹೇಳುವವನು ಸುಳ್ಳುಗಾರನಲ್ಲ. ಆದರೆ ಅಲ್ಲಿಗೇ ಅವರು ಅವನನ್ನು ಬಿಟ್ಟುಬಿಡುವುದಿಲ್ಲ. ತಿಳಿಯದಿದ್ದುದನ್ನು ತಿಳಿದೆನೆಂದುಕೊಂಡ ದುಡುಕಿನ ದೋಷ ಅವನ ಮೇಲೆ ಉಳಿಯುತ್ತದೆ. ಅಕ್ವಿನಾಸರಂತೂ ಅಜ್ಞಾನವನ್ನು ಇನ್ನೂ ಸೂಕ್ಷ್ಮವಾಗಿ ತೂಗುತ್ತಾರೆ. ಎಷ್ಟು ಪ್ರಯತ್ನಿಸಿದರೂ ನೀಗಲಾಗದ ಅಜ್ಞಾನ ಒಂದು. ತಿಳಿಯಬಹುದಾಗಿದ್ದು, ತಿಳಿಯಲೇಬೇಕಾಗಿದ್ದು, ಉದಾಸೀನದಿಂದ ತಿಳಿಯದೆ ಹೋದದ್ದು ಇನ್ನೊಂದು. ಎರಡನೆಯದು ಮನುಷ್ಯನನ್ನು ಹೊಣೆಯಿಂದ ಬಿಡಿಸುವುದಿಲ್ಲ. ಇದನ್ನು ನಾನು ಗುರುಮಠದ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದೆ.

ನನ್ನ ಅಜ್ಞಾನ ಯಾವ ಜಾತಿಯದು? ಇದಕ್ಕೆ ಉತ್ತರ ಹುಡುಕಲು ನಾನು ಹೋಗಬೇಕಾದ್ದು ನನ್ನ ಮೂರು ಪಾತಿಗಳ ಬಳಿಗೇ. ಅವು ಚೆನ್ನಾಗಿ ಬಂದದ್ದೇಕೆ? ಧರ್ಮಕೇಂದ್ರದ ಒಬ್ಬ ಸ್ಥಿತಿವಂತರು ಎರಡು ಗಾಡಿ ಕೊಟ್ಟಿಗೆ ಗೊಬ್ಬರವನ್ನೂ ಒಂದು ಗಾಡಿ ಹುಲ್ಲನ್ನೂ ಉಚಿತವಾಗಿ ಕಳುಹಿಸಿದ್ದರು. ಗುರುನಿವಾಸದ ಕೊಳವೆಬಾವಿಯಲ್ಲಿ ನೀರಿತ್ತು. ಸುತ್ತ ಕಾಂಪೌಂಡ್ ಗೋಡೆ ಇದ್ದುದರಿಂದ ಹಸು ಮೇಕೆಗಳ ಕಾಟವಿರಲಿಲ್ಲ. ಮೂರು ಪಾತಿ ಸೇರಿದರೂ ಅರ್ಧ ಗುಂಟೆಯಾಗುತ್ತಿರಲಿಲ್ಲ. ನಮ್ಮ ಅಡುಗೆಯಾತ ಸಂಜೆ ಮಾತಾಡುತ್ತಾ ಕೂತು ಕಳೆಯನ್ನೆಲ್ಲ ಕೈಯಲ್ಲಿ ಕೀಳುತ್ತಿದ್ದ. ಬೆಳೆ ಬಾರದಿದ್ದರೆ ನನ್ನ ಊಟಕ್ಕೆ ಸಂಚಕಾರವಿರಲಿಲ್ಲ. ಈ ಐದು ಸಂಗತಿಗಳಲ್ಲಿ ಒಂದನ್ನೂ ನಾನು ಸಭೆಯಲ್ಲಿ ಹೇಳಲಿಲ್ಲ. ಮರೆಮಾಚಬೇಕೆಂದಲ್ಲ, ಅವು ಹೇಳಬೇಕಾದ ಸಂಗತಿಗಳೆಂದೇ ತೋರಲಿಲ್ಲ. ಇರುವವನಿಗೆ ತನ್ನ ಅನುಕೂಲಗಳು ಗಾಳಿಯ ಹಾಗೆ, ಕಣ್ಣಿಗೆ ಕಾಣುವುದಿಲ್ಲ. 'ನಾನು ಉಳಲಿಲ್ಲ, ಬೆಳೆ ಬಂತು' ಎಂದೆ. ಎರಡೂ ಸತ್ಯ. ನಡುವೆ ಇದ್ದುದನ್ನು ಬಿಟ್ಟಿದ್ದರಿಂದ ಎರಡು ಸತ್ಯ ಸೇರಿ ಕೇಳಿದವರ ಪಾಲಿಗೆ ಅಸತ್ಯವಾಯಿತು.

ಆಮೇಲೆ ಓದಿದೆ, ಮೊದಲೇ ಓದಬೇಕಾಗಿತ್ತು. ಉಳುಮೆಯ ಕೆಲಸ ಮಣ್ಣನ್ನು ಸಡಿಲಿಸುವುದು ಮಾತ್ರವಲ್ಲ, ಮುಖ್ಯವಾಗಿ ಕಳೆಯನ್ನು ಅಡಗಿಸುವುದು. ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ಕೋಟ್ಯಂತರ ಎಕರೆಗಳಲ್ಲಿ ಇಂದು ಉಳದೆಯೇ ಬೆಳೆಯುತ್ತಾರೆಂದು ಉತ್ಸಾಹದಿಂದ ಹೇಳುವವರಿದ್ದಾರೆ. ಅಲ್ಲಿ ನೇಗಿಲಿನ ಕೆಲಸವನ್ನು ಬಹುಮಟ್ಟಿಗೆ ಕಳೆನಾಶಕ ವಿಷ ಮಾಡುತ್ತಿದೆ ಎಂಬುದು ಆ ಮಾತಿನ ಇನ್ನರ್ಧ. ವಿಷವೂ ಬೇಡ, ನೇಗಿಲೂ ಬೇಡ ಎಂದರೆ ದಪ್ಪ ಹೊದಿಕೆ ಬೇಕು, ಇಲ್ಲವೇ ಬಗ್ಗಿ ಕೀಳುವ ಕೈಗಳು ಬೇಕು. ನಮ್ಮ ಕೆಂಪು ಮಣ್ಣಿನದು ಬೇರೆಯೇ ಸ್ವಭಾವ. ಮಳೆ ಬಿದ್ದು ಬಿಸಿಲು ಕಾದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ಹೊದಿಕೆಯಿಲ್ಲದೆ ಅದನ್ನು ಉಳದೆ ಬಿಟ್ಟರೆ ನೀರು ಇಂಗುವ ಬದಲು ಹರಿದೇ ಹೋದೀತು. ರೈತ ಕುಂಟೆ ಹಾಯಿಸಿ ಆ ಪದರವನ್ನು ಒಡೆಯುವುದು ಅಜ್ಞಾನದಿಂದಲ್ಲ. ಇನ್ನು ಫಾಕ್ನರ್ ಆರೋಪ ಹೊರಿಸಿದ್ದು ಮಣ್ಣನ್ನು ಆಳವಾಗಿ ಬುಡಮೇಲು ಮಾಡುವ ಕಬ್ಬಿಣದ ನೇಗಿಲಿನ ಮೇಲೆ. ನಮ್ಮ ನಾಟಿ ಮರದ ನೇಗಿಲು ನೆಲವನ್ನು ಗೀರುತ್ತದೆಯೇ ಹೊರತು ಮಗುಚುವುದಿಲ್ಲ. ಒಬ್ಬನ ಮೇಲಿನ ಮೊಕದ್ದಮೆಯಲ್ಲಿ ಇನ್ನೊಬ್ಬನಿಗೆ ಶಿಕ್ಷೆ ಕೊಟ್ಟಂತಾಗಿತ್ತು ನನ್ನ ವಾದ. (ಟ್ರ್ಯಾಕ್ಟರ್ ಕಟ್ಟಿದ ರೋಟವೇಟರ್ ಮಣ್ಣನ್ನು ಹಿಟ್ಟು ಮಾಡುವುದನ್ನು ನೋಡಿದರೆ ಫಾಕ್ನರ್ ನಮ್ಮ ಊರಿಗೂ ಬೇಕೇ ಬೇಕು, ಅದು ಬೇರೆ ಮಾತು.) 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 610 ಪ್ರಯೋಗ ವರದಿಗಳನ್ನು ಒಟ್ಟುಗೂಡಿಸಿ ನೋಡಿತು. ಉಳದೆ ಬೆಳೆದಾಗ ಒಟ್ಟಾರೆ ಇಳುವರಿ ಸರಾಸರಿ ಶೇಕಡಾ 5.7ರಷ್ಟು ಕುಸಿಯಿತು. ಆದರೆ ಒಣಸೀಮೆಯ ಮಳೆಯಾಶ್ರಿತ ಬೇಸಾಯದಲ್ಲಿ, ಬೆಳೆಯ ಉಳಿಕೆಯನ್ನು ಹೊಲದಲ್ಲೇ ಬಿಟ್ಟು, ಬೆಳೆಯನ್ನೂ ಬದಲಿಸುತ್ತಾ ಹೋದಲ್ಲಿ ಶೇಕಡಾ 7.3ರಷ್ಟು ಏರಿತು. ಉಳಿಕೆಯನ್ನು ಹೊಲದಲ್ಲೇ ಬಿಟ್ಟರೆ! ಹಿಂದಿನ ಸಾಲಿನಿಂದ ಎದ್ದ ತಾಯಿ ಯಾವ ಪತ್ರಿಕೆಯನ್ನೂ ಓದದೆ ಅದನ್ನೇ ಕೇಳಿದ್ದರು. ಇಡೀ ವಿದ್ಯೆಯ ಬೀಗ ಆ ಹುಲ್ಲಿನಲ್ಲಿತ್ತು, ನಾನು ಅದಕ್ಕೆ ನಗೆಚಾಟಿಕೆ ಹೇಳಿದ್ದೆ.

ಫುಕುವೊಕಾ ಅವರ ಬದುಕಿನಲ್ಲೇ ನನಗೊಂದು ಪಾಠ ಕಾದಿತ್ತು. 'ಒಂದು ಹುಲ್ಲಿನ ಕ್ರಾಂತಿ'ಯನ್ನು ಓದಿದವರೆಲ್ಲರಿಗೂ ಅವರ ಹುಲ್ಲು ಹಾಸಿದ ಭತ್ತದ ಗದ್ದೆ, ಮಣ್ಣಿನುಂಡೆಯಲ್ಲಿ ಸುತ್ತಿದ ಬೀಜ, ಬಿಳಿ ಕ್ಲೋವರ್ ಗಿಡ ನೆನಪಿರುತ್ತವೆ. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ನೆನಪಿರುತ್ತದೆ. ಆದರೆ ಅವರ ಮೊದಲ ಪ್ರಯೋಗ ಎಲ್ಲಿ ನಡೆಯಿತು? ಪಟ್ಟಣದ ನೌಕರಿ ಬಿಟ್ಟು ಬಂದ ತರುಣ ತಂದೆಯ ಕಿತ್ತಳೆ ತೋಟವನ್ನು ವಹಿಸಿಕೊಂಡ. ಪ್ರಕೃತಿ ತಾನೇ ನೋಡಿಕೊಳ್ಳುತ್ತದೆಂದು ಸವರುವುದನ್ನು ನಿಲ್ಲಿಸಿದ. ವರ್ಷಗಳ ಕಾಲ ಸವರಿ ರೂಢಿಯಾಗಿದ್ದ ಮರಗಳಲ್ಲಿ ಕೊಂಬೆ ಕೊಂಬೆಗೆ ಹೆಣೆದುಕೊಂಡಿತು, ಕೀಟ ಮುತ್ತಿತು, ತೋಟ ಒಣಗಿಹೋಯಿತು. ಇದನ್ನು ಬರೆದವರು ಅವರೇ. ಕೈಬಿಡುವುದು ಬೇರೆ, ಸಹಜ ಕೃಷಿ ಬೇರೆ ಎಂದು ತಾವು ಅಲ್ಲಿ ಕಲಿತುದನ್ನು ಅವರು ಮುಚ್ಚಿಡಲಿಲ್ಲ. ಹಲವು ಸಲ ಆ ಪುಟಗಳನ್ನು ದಾಟಿಹೋಗಿದ್ದ ನಾನು ಈ ಸಲ ಅಲ್ಲೇ ನಿಂತೆ. ಸತ್ತವು ಅಪ್ಪನ ಮರಗಳು. ಮಗ ಕಲಿತ, ಕಲಿಕೆಯ ಶುಲ್ಕ ಅಪ್ಪ ಕಟ್ಟಿದರು. ಆ ಅಪ್ಪ ಊರಿನ ಮುಖ್ಯಸ್ಥರೂ ಜಮೀನುಳ್ಳವರೂ ಆಗಿದ್ದರು, ತಡೆದುಕೊಂಡರು. ಐದು ಗುಂಟೆಯವರು ಯಾರ ಕಲಿಕೆಗಾಗಿ ಶುಲ್ಕ ಕಟ್ಟಬೇಕು?

ಇನ್ನೊಂದು ಸಂಗತಿ ನನಗೆ ತಿಳಿಸಿದವರು ಬಾಗಿಲಿಗೆ ಒರಗಿ ನಿಂತಿದ್ದ ಗಂಡಸರಲ್ಲಿ ಹಿರಿಯರೊಬ್ಬರು. "ಉಳ್ದೆ ಬುಟ್ಟ ಹೊಲ ನೋಡಿದ್ರೆ, ಯಾರೂ ದಿಕ್ಕಿಲ್ಲ ಅಂದ್ಕೋತಾರೆ ಸ್ವಾಮಿ" ಎಂದರು. 1974ರ ಭೂಸುಧಾರಣೆಯ ಕಾಲದಲ್ಲಿ ಅವರ ತಂದೆ ಗೇಣಿ ಹೊಲಕ್ಕಾಗಿ ಅರ್ಜಿ ಹಾಕಿದವರಂತೆ. 'ಉಳುವವನೇ ಹೊಲದೊಡೆಯ' ಎಂಬ ಮಾತು ಅವರ ಮನೆಗೆ ಘೋಷಣೆಯಲ್ಲ, ಹಕ್ಕುಪತ್ರ. ನೇಗಿಲ ಗೆರೆ ಅಲ್ಲಿ ಮಣ್ಣಿನ ಮೇಲಿನ ರುಜು. ಒಂಟಿ ಹೆಂಗಸು, ಗಂಡನ ಕಡೆಯವರ ಹೊಲ ಎರಡೂ ಪಕ್ಕ. ಆಕೆಯ ಹಿತ್ತಲು ಒಂದು ವರ್ಷ ಉಳುಮೆ ಕಾಣದೆ ಕಳೆ ತುಂಬಿ ನಿಂತರೆ ಊರು ಅದನ್ನು ಹೇಗೆ ಓದುತ್ತದೆ ಎಂಬುದು ನನ್ನ ಮಣ್ಣಿನ ಪಾಠದಲ್ಲಿ ಇರಲೇ ಇಲ್ಲ.

ನನ್ನ ತಪ್ಪಿನ ಬೇರು, ನನಗೆ ತೋರುವಂತೆ, ನನ್ನ ವೃತ್ತಿಯಲ್ಲೇ ಇದೆ. ವಾರವಾರವೂ ಎದುರುಮಾತಿಲ್ಲದೆ ಮಾತಾಡುವುದು ನನ್ನ ಕರ್ತವ್ಯ. ಬಲಿಪೀಠದ ಬಳಿ ನಿಂತು, 'ಕ್ರಿಸ್ತರು ಎದ್ದಿದ್ದಾರೆ, ಆದರೆ ಇದು ನಿಮ್ಮ ಮಣ್ಣಿನ ಸ್ವಭಾವವನ್ನು ಅವಲಂಬಿಸಿದೆ' ಎಂದು ಹೇಳಲಾಗದು. ಅಲ್ಲಿ ನಿಶ್ಚಯವೇ ನಿಷ್ಠೆ. ಆದರೆ ಅದೇ ದನಿ, ಅದೇ ನಿಲುವಂಗಿ, ಅರ್ಧ ಗಂಟೆ ಬಿಟ್ಟು ಇಪ್ಪತ್ತು ಹೆಜ್ಜೆ ಆಚೆಯ ಸಭಾಭವನಕ್ಕೆ ಹೋದಾಗ, ಕೇಳುವವರು ಅದನ್ನು ಬೇರೆ ಮಾಡಿ ಕೇಳಬೇಕೆಂದು ಹೇಗೆ ಅಪೇಕ್ಷಿಸೋಣ? ಕೃಷಿ ಇಲಾಖೆಯವರು ಹೇಳಿದ್ದರೆ ಆ ತಾಯಿ ನೂರು ಪ್ರಶ್ನೆ ಕೇಳುತ್ತಿದ್ದರು, ಒಂದು ಮೂಲೆಯಲ್ಲಿ ಮಾಡಿ ನೋಡುತ್ತಿದ್ದರು. ನಾನು ಸಲಹೆ ಕೊಟ್ಟೆನೆಂದುಕೊಂಡೆ, ಅವರು ಆಜ್ಞೆ ಕೇಳಿಸಿಕೊಂಡರು. ಜನರ ಹೆಗಲ ಮೇಲೆ ಹೊರೆ ಹೊರಿಸಿ ತಾವು ಬೆರಳೂ ಮುಟ್ಟಿಸದ ಧರ್ಮಶಾಸ್ತ್ರಜ್ಞರನ್ನು ಪ್ರಭು ಯೇಸು ಗದರಿಸಿದ ಪ್ರಸಂಗವನ್ನು ಎಷ್ಟು ಸಲ ಬೋಧಿಸಿಲ್ಲ! ಆಗೆಲ್ಲ ನನ್ನ ಕಣ್ಣೆದುರು ಬರುತ್ತಿದ್ದವರು ಬೇರೆ ಯಾರೋ.

ಹಾಗಾದರೆ ತಿಳಿದ ಒಳ್ಳೆಯದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರಬೇಕೇ? ಕೆಲವು ದಿನ ನನಗೆ ಹಾಗೆಯೇ ಅನ್ನಿಸಿತು. ಇನ್ನು ತೋಟದ ತಂಟೆ ಬೇಡ, ಜಪಮಾಲೆಯೇ ಸಾಕು ಎಂದುಕೊಂಡೆ. ಆದರೆ ಮೌನವೂ ಬಿಟ್ಟಿಯಲ್ಲ. ಪ್ರತಿ ಮುಂಗಾರಿಗೂ ಆ ಹಳ್ಳಿಯ ಹಳ್ಳ ಕೆಂಪಗೆ ಹರಿಯುತ್ತದೆ. ಅದು ಹೊಲದ ಮೇಲ್ಮಣ್ಣು. ಅದನ್ನು ಬಲ್ಲವನು, ನನಗೇಕೆ ಎಂದು ತನ್ನ ತಲಾಂತನ್ನು ನೆಲದಲ್ಲಿ ಹೂತಿಟ್ಟರೆ ಅವನಿಗೆ ದೋಷ ತಟ್ಟುವುದಿಲ್ಲವೇ? ಹೇಳದವನು ಎಂದೂ ತಪ್ಪು ಹೇಳುವುದಿಲ್ಲ ಎಂಬುದು ನಿಜ. ಆ ನಿರ್ದೋಷಿತ್ವವನ್ನು ನಾನು ಹೆಚ್ಚು ಬೆಲೆಯದೆಂದು ಎಣಿಸಲಾರೆ. ಮಾತಾಡಬೇಕು, ಆದರೆ ಮಾತು ಕೆಟ್ಟಾಗ ಕೆಡುಕಿನ ಒಂದು ಪಾಲು ಮಾತಾಡಿದವನ ಮನೆಗೂ ಬರುವಂತಿರಬೇಕು. ಬರದಿದ್ದರೆ ಅವನಿಗೆ ಕಲಿಯುವ ಕಾರಣವೇ ಇರುವುದಿಲ್ಲ.

ಅನ್ಯಾಯದ ನಷ್ಟಕ್ಕೆ ಪರಿಹಾರ ಕೊಡಬೇಕಾದವರು ಯಾರೆಂದು ಅಕ್ವಿನಾಸರು ಚರ್ಚಿಸುವಲ್ಲಿ ಒಂದು ಪಟ್ಟಿಯಿದೆ. ಕೈಯಾರೆ ಮಾಡಿದವನಲ್ಲದೆ ಆಜ್ಞೆ ಮಾಡಿದವನು, ಸಲಹೆ ಕೊಟ್ಟವನು, ಸಮ್ಮತಿಸಿದವನು, ಹೊಗಳಿ ಹುರಿದುಂಬಿಸಿದವನು ಎಂದು ಅದು ಸಾಗುತ್ತದೆ. ಅದು ಪರರ ಸ್ವತ್ತನ್ನು ಅಪಹರಿಸಿದ ಪ್ರಸಂಗಗಳಿಗೆ ಹೇಳಿದ್ದು, ನನ್ನಂಥ ಪ್ರಸಂಗಕ್ಕೆ ನೇರವಾಗಿ ಹೊಂದುವುದಿಲ್ಲ ಎಂದು ನನಗೂ ತಿಳಿದಿದೆ. ಆದರೂ ಆಜ್ಞೆಯ ಪಕ್ಕದಲ್ಲೇ ಸಲಹೆ ಕುಳಿತಿರುವುದನ್ನು ಕಂಡು ಪುಸ್ತಕ ಮುಚ್ಚಿ ಎದ್ದುಹೋದೆ.

ಕಡಸಿನ ಬೆಲೆಯನ್ನು ಕೊಡುತ್ತೇನೆಂದು ಆ ತಾಯಿಯ ಮನೆಗೆ ಹೋದಾಗ ಅವರು ಗಾಬರಿಯಾದರು. ಸ್ವಾಮಿಗಳ ದುಡ್ಡು ಮುಟ್ಟಿದರೆ ಪಾಪವೆಂಬಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಬಡವರ ಕ್ಷಮೆ ಬೇಗ ಸಿಗುತ್ತದೆ. ಅದಕ್ಕೆ ಅವರ ಔದಾರ್ಯ ಕಾರಣ ನಿಜ, ನಮ್ಮ ನಿಲುವಂಗಿಯೂ ಅಷ್ಟೇ ಕಾರಣ. ಹಾಗೆ ಸಿಕ್ಕಿದ್ದನ್ನು ಕ್ಷಮೆಯೆಂದು ಜಮಾ ಮಾಡಿಕೊಳ್ಳಬಾರದೆಂದು ನನಗೆ ಅನ್ನಿಸಿತು. ಕಡೆಗೆ ಅವರ ಮೈದುನನೇ ದಾರಿ ತೋರಿಸಿದರು: "ದುಡ್ಡು ಬ್ಯಾಡ, ಒಂದ್ ಗಾಡಿ ಹುಲ್ಲು ಕೊಡಿಸ್ಬುಡಿ ಸ್ವಾಮಿ, ಅವ್ರ ಹುಲ್ಲು ಅವ್ರಿಗೆ ಬಂತು ಅಂತ ಆಯ್ತದೆ." ಹುಲ್ಲನ್ನು ಅವರು ತೆಗೆದುಕೊಂಡರು. ಕಡಸು ಬರಲಿಲ್ಲ.

ಆ ವಾರವೇ ಕಣ್ಣಿಗೆ ಬಿದ್ದ ಇನ್ನೊಂದು ದೃಶ್ಯ. ದೇವಾಲಯದ ಅಂಗಳದಲ್ಲಿ ಎರಡು ದೊಡ್ಡ ಮಳೆಮರಗಳು, ಆರೇಳು ಹೊಂಗೆ, ಒಂದು ಸಂಪಿಗೆ. ಪ್ರತಿ ಶನಿವಾರ ತರಗೆಲೆ ಗುಡಿಸಿ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಭಾನುವಾರಕ್ಕೆ ಅಂಗಳ ಚೊಕ್ಕಟವಾಗಿರಬೇಕೆಂಬುದು ನನ್ನದೇ ಅಪ್ಪಣೆ. ಹಸುವಿನ ಬಾಯಿಂದ ಹುಲ್ಲು ಕಿತ್ತು ನೆಲಕ್ಕೆ ಹಾಸಿ ಎಂದು ಬೋಧಿಸಿದವನು ಹಸು ತಿನ್ನದ ಎಲೆಯನ್ನು ವಾರವಾರವೂ ಸುಡಿಸುತ್ತಿದ್ದ! ಬೆಂಕಿ ನಿಲ್ಲಿಸಿದೆವು. ಗೊಬ್ಬರದ ಚೀಲಗಳಲ್ಲಿ ತುಂಬಿ ಬೇಕಾದವರು ಒಯ್ಯಬಹುದೆಂದು ಹೇಳಿದೆ. ಮೊದಲ ತಿಂಗಳು ಯಾರೂ ಒಯ್ಯಲಿಲ್ಲ, ಚೀಲಗಳು ಸಾಲಾಗಿ ಗೋಡೆಗೆ ಒರಗಿ ನಿಂತಿದ್ದವು.

2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ಸಭೆ ಕರೆದೆ. ಈ ಸಲ ಬಂದವರು ಹದಿನೈದೇ ಮಂದಿ. ಮೊದಲು ನನ್ನ ಎರಡು ಗಾಡಿ ಗೊಬ್ಬರ, ಕೊಳವೆಬಾವಿ, ಗೋಡೆ, ಅಡುಗೆಯಾತನ ಕೈ, ನಿಶ್ಚಿಂತೆಯ ಊಟ ಎಲ್ಲವನ್ನೂ ಒಪ್ಪಿಸಿದೆ. ಕಳೆದ ವರ್ಷ ನನ್ನ ಮಾತು ನಂಬಿದವರಿಗೆ ನಷ್ಟವಾಯಿತೆಂದು ಹೆಸರು ಹೇಳದೆ ಹೇಳಿದೆ. ಎಲ್ಲರಿಗೂ ಹೆಸರು ಗೊತ್ತಿತ್ತು. ರಾಗಿಹುಲ್ಲು ಮುಟ್ಟಬೇಡಿ, ಎಲೆ ಸಾಲುವಷ್ಟು ಜಾಗದಲ್ಲಿ ಮಾತ್ರ ಮಾಡಿ, ಹಾಸಿದ ಎಲೆ ಒಂದು ಗೇಣಿನಷ್ಟಾದರೂ ದಪ್ಪವಿರಲಿ, ಗರಿಕೆಯಿದ್ದರೆ ಮೊದಲು ಬೇರುಸಹಿತ ಅಗೆದು ತೆಗೆಯಿರಿ ಎಂದೆ. "ಅಗೀಬಾರ್ದು ಅಂದಿದ್ರಲ್ಲಾ?" ಎಂದು ಯಾರೋ ಕೇಳಿದರು. ಅಂದಿದ್ದೆ, ತಪ್ಪಿತ್ತು ಎಂದೆ. ಬೋಧಿಸುವವನ ಬಾಯಲ್ಲಿ ಈ ಎರಡು ಮಾತು ಎಷ್ಟು ತೊಡರುತ್ತವೆಂಬುದು ಆಡಿದವರಿಗೇ ಗೊತ್ತು. ದೇವಾಲಯದ ಹಿಂದೆ ಬೀಳುಬಿದ್ದ ನಾಲ್ಕು ಗುಂಟೆಯನ್ನು ಸಂಘಕ್ಕೆ ಬಿಟ್ಟುಕೊಟ್ಟು, ಅಲ್ಲಿ ಅರ್ಧ ಉತ್ತು ಅರ್ಧ ಉಳದೆ ಬೆಳೆದು ಪಕ್ಕಪಕ್ಕದಲ್ಲೇ ನೋಡೋಣ, ಹೋದರೆ ಗುರುನಿವಾಸದ ಖರ್ಚಿಗೆ ಹೋಗಲಿ ಎಂದೆ. ಸಭೆ ತಣ್ಣಗೆ ಮುಗಿಯಿತು, ತಲೆದೂಗಿದವರಿಲ್ಲ. ಪ್ರಶ್ನೆಗಳು ಮಾತ್ರ ಒಂದು ಗಂಟೆ ನಡೆದವು: ಗೆದ್ದಲಿಗೇನು, ಎಲೆಯಡಿ ಹಾವು ಚೇಳು ಸೇರಿದರೇನು, ಬೀಜ ಹಾಕುವಾಗ ಎಲೆ ಸರಿಸಬೇಕೋ ಬೇಡವೋ. ಅರ್ಧಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹಾವಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅಡುಗೆಯಾತ.

ಆ ವಿಧವೆ ತಾಯಿ ಸಭೆಗೆ ಬಂದಿರಲಿಲ್ಲ. ಜೂನಿನಲ್ಲಿ ಅವರ ಹಿತ್ತಲಿನಲ್ಲಿ ಎತ್ತು ಹೂಡಿದ್ದನ್ನು ರಸ್ತೆಯಿಂದ ಕಂಡೆ, ಮನಸ್ಸಿಗೆ ನೆಮ್ಮದಿಯಾಯಿತು. ಬಾವಿಕಟ್ಟೆಯ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಉಳದೆ ಬಿಟ್ಟು ದೇವಾಲಯದ ಎಲೆ ಹಾಸಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆ ವರ್ಷದ ಕ್ರಿಸ್ಮಸ್ಸಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಸೆರಗಿನಲ್ಲಿ ಕಟ್ಟಿ ತಂದ ಅವರೆಕಾಯಿಯನ್ನು ಗುರುನಿವಾಸದ ಜಗಲಿಯ ಮೇಲೆ ಸುರಿದರು. ಸೊಗಡು ಮೂಗಿಗೆ ಬಡಿಯಿತು. ಕೇಳಬಾರದೆಂದುಕೊಂಡರೂ ಕೇಳಿಯೇಬಿಟ್ಟೆ, ಇದು ಯಾವ ಕಡೆಯದು ಎಂದು.

"ಉತ್ತಿದ್ದ ಕಡೇದು ಸ್ವಾಮಿ" ಎಂದರು. "ನಿಮ್ಮ ಪಟ್ಟೀದು ಇನ್ನೂ ಹೂವಲ್ಲದೆ."